ಬಾಳಪ್ಪ ಮಾಮಾನ ರೇಡಿಯೊ ಮತ್ತು ನನ್ನ ಯಂತ್ರ

ಯಂತ್ರವೊಂದು ಕೇಳಿದ ಪ್ರಶ್ನೆಗೆ ನೀವು ಎಂದಾದರೂ ಯೋಚಿಸಿ ಉತ್ತರ ಕೊಟ್ಟಿದ್ದೀರಾ? ನಿಬಂಧನೆಗಳನ್ನು ಓದಿದ್ದೀರಾ ಎಂದು ಪರದೆ ವಿನಯದಿಂದ ವಿಚಾರಿಸಿದಾಗ, ಒಂದಕ್ಷರವನ್ನೂ ನೋಡದೆ ಹೌದೆಂದು ಒತ್ತಿ ಮುಂದೆ ಹೋದವರಲ್ಲವೇ ನಾವೆಲ್ಲ? ಮನುಷ್ಯರು ಕೇಳಿದ ಪ್ರಶ್ನೆಯಾದರೆ ನಾನು ಹಾಗೆ ಮಾಡುವವನಲ್ಲ. ಚಿಕ್ಕೋಡಿಯ ಕಾಲೇಜಿನಲ್ಲಿ ಮೂರು ವರ್ಷವೂ ಚರ್ಚಾಸ್ಪರ್ಧೆಯ ಢಾಲು ಗೆದ್ದವನು ನಾನು. ಊಟವಾಯಿತೇ ಎಂದು ಯಾರಾದರೂ ಕೇಳಿದರೂ ಪರ ಮತ್ತು ವಿರೋಧ ಎರಡನ್ನೂ ಮಂಡಿಸಿದ ಬಳಿಕವೇ ಕೈ ತೊಳೆಯುತ್ತೇನೆ.

ನಿಪ್ಪಾಣಿಯ ಸಣ್ಣ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗ ನನ್ನ ಸುಪರ್ದಿಯಲ್ಲಿದೆ. ಹೊಲದ ಪಂಪನ್ನು ಮನೆಯಲ್ಲೇ ಕುಳಿತು ಮೊಬೈಲಿನಿಂದ ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆ ನಮ್ಮ ಸರಕು. ಇಂಥ ಪೆಟ್ಟಿಗೆಗಳು ಕೆಲಸ ಮಾಡುತ್ತಲೇ ಕಣ್ಣಿಗೆ ಕಾಣದ ವಿದ್ಯುತ್ಕಾಂತೀಯ ಅಲೆಗಳನ್ನು ಸುತ್ತಲೂ ಉಗುಳುತ್ತವೆ. ಮಿತಿಮೀರಿದರೆ ನೆರೆಮನೆಯ ಟಿ.ವಿ.ಯಲ್ಲಿ ಗೆರೆಗಳು ಕುಣಿಯುತ್ತವೆ. ಆ ಉಗುಳನ್ನು ಪತ್ತೆ ಹಚ್ಚುತ್ತಿದ್ದವರು ಮಂಗಸೂಳಿಯ ಬಾಳಪ್ಪ ಮಾಮಾ, ಹಿಂದೆ ರೇಡಿಯೊ ರಿಪೇರಿ ಮಾಡಿಕೊಂಡಿದ್ದವರು. ಅವರ ಉಪಕರಣ ಒಂದು ಕೈರೇಡಿಯೊ. ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ಮುಳ್ಳು ತಿರುಗಿಸಿ, ಅದನ್ನು ಪೆಟ್ಟಿಗೆಗೆ ಆರತಿ ಎತ್ತಿದಂತೆ ಆಡಿಸಿ, ಗೊರಗೊರ ಸದ್ದು ಏರಿದಲ್ಲಿ ಬೆರಳಿಟ್ಟು, "ಇಲ್ಲಿ ವೈರು ಉದ್ದ ಆಗೇತ್ರಿ" ಎನ್ನುತ್ತಿದ್ದರು.

ಇದು ವಿಜ್ಞಾನವಲ್ಲ, ಕಣಿ ಹೇಳುವುದು ಎಂದು ಮಾಲಕರೆದುರು ವಾದ ಹೂಡಿ ಗೆದ್ದೆ. ಸ್ವಯಂಚಾಲಿತ ಪರೀಕ್ಷಾ ಯಂತ್ರ ಬಂತು. ಗುಂಡಿ ಒತ್ತಿದರೆ ಸಾಕು, ತಾನೇ ಅಳೆದು, ಗೆರೆ ಎಳೆದು, ಪಾಸು ನಾಪಾಸು ಬರೆಯುತ್ತದೆ. ಗೆದ್ದ ಉತ್ಸಾಹದಲ್ಲಿ ಮಾಮಾನ ರೇಡಿಯೊವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಅವರನ್ನು ಪ್ಯಾಕಿಂಗಿಗೆ ವರ್ಗಾಯಿಸಬಹುದೆಂಬ ಶಿಫಾರಸನ್ನೂ ಬರೆದುಕೊಟ್ಟೆ. ಮಾಲಕರು ವ್ಯವಹಾರಸ್ಥರು. "ಪುಣೆ ಲ್ಯಾಬಿನ ಸರ್ಟಿಫಿಕೇಟ್ ಬರ್ಲಿ, ಆಮ್ಯಾಲ ನೋಡೂಣು" ಎಂದರು. ಅಧಿಕೃತ ಪರೀಕ್ಷೆಗಾಗಿ ಪುಣೆಗೆ ಪೆಟ್ಟಿಗೆಗಳನ್ನು ಕಳುಹಿಸಲು ಒಂದು ವಾರವಿತ್ತು. ಮೊದಲ ದಿನ ಪರೀಕ್ಷಿಸಿದ್ದೆಲ್ಲ ಪಾಸು.

ಆದರೆ ಸುಧಾರಕನಿಗೆ ಒಂದು ಸುಧಾರಣೆ ಸಾಲುವುದಿಲ್ಲ. ಪರೀಕ್ಷಾ ಕೋಣೆಯ ಗೋಡೆಯ ಮೇಲೆ ಮಾಮಾನ ಊರದೇವರು ಮಲ್ಲಯ್ಯನ ಪಟವಿತ್ತು. ಮಾಮಾ ದಿನವೂ ಅದರೆದುರು ಎಣ್ಣೆದೀಪ ಹಚ್ಚುತ್ತಿದ್ದರು. ಮಸಿಯಿಂದ ಯಂತ್ರಕ್ಕೆ ಹಾನಿಯೆಂದು ಭಾಷಣ ಬಿಗಿದು ದೀಪವನ್ನು ಆರಿಸಿದೆ. ಆದರೆ ಅವರ ಶ್ರದ್ಧೆಗೂ ನೋವಾಗಬಾರದಲ್ಲವೇ? ಕೊಲ್ಹಾಪುರದಿಂದ ಮಿಣುಕುವ ವಿದ್ಯುದ್ದೀಪದ ಮಾಲೆಯನ್ನು ತಂದು ನನ್ನ ಕೈಯಾರೆ ಪಟಕ್ಕೆ ಸುತ್ತಿದೆ. "ಛಲೋ ಕಾಣ್ತೈತಿ ಬಿಡ್ರಿ" ಎಂದಷ್ಟೇ ಹೇಳಿ ಮಾಮಾ ಹೊರಗೆ ಹೋದರು.

ಮರುದಿನದಿಂದ ಎಲ್ಲವೂ ನಾಪಾಸು. ತಂತಿ ಮೋಟು ಮಾಡಿದೆ, ಫಿಲ್ಟರ್ ಬದಲಿಸಿದೆ, ಪೆಟ್ಟಿಗೆಗೆ ತಗಡಿನ ಅಂಗಿ ತೊಡಿಸಿದೆ. ಯಂತ್ರದ ಮನಸ್ಸು ಕರಗಲಿಲ್ಲ. ಶನಿವಾರ ಮಾಲಕರು ಬಾಗಿಲಲ್ಲಿ ಬಂದು ನಿಂತರು. ಪ್ಯಾಕಿಂಗಿಗೆ ಯಾರು ಹೋಗಬೇಕೆಂಬ ವಿಷಯ ಅವರ ಕಣ್ಣಿನಲ್ಲಿ ಮರುಚರ್ಚೆಗೆ ಬಂದಂತಿತ್ತು. ನಾನು ಗಂಟಲು ಸರಿಪಡಿಸಿಕೊಂಡು, ಕಪಾಟಿನ ಕೀಲಿ ತೆಗೆದು, ಮಾಮಾನನ್ನು ಕರೆಸಿದೆ.

ಮಾಮಾ ಬಂದವರೇ ಪೆಟ್ಟಿಗೆಯ ವೈರನ್ನು ಕಿತ್ತರು. "ಈಗ ಹಚ್ರಿ ನಿಮ್ಮ ಮಷೀನು." ಯಂತ್ರ, ಕರೆಂಟೇ ಇಲ್ಲದ ಪೆಟ್ಟಿಗೆಯನ್ನೂ ಗಂಭೀರವಾಗಿ ನಾಪಾಸು ಮಾಡಿತು. ಮಾಲಕರು ಕೆಮ್ಮಿದರು. ಮಾಮಾ ರೇಡಿಯೊ ಹಿಡಿದು ಕೋಣೆಯಲ್ಲಿ ಸುತ್ತತೊಡಗಿದರು. ಗೋಡೆ ಹತ್ತಿರವಾದಂತೆ ಗೊರಗೊರ ಏರಿತು. ಪಟದ ಕೆಳಗೆ ಅದು ಅರಚಿತು. ಮಾಲೆಯ ಪ್ಲಗ್ ಎಳೆದರು. ರೇಡಿಯೊ ತಣ್ಣಗಾಯಿತು.

"ಮಲ್ಲಯ್ಯಂದೇನೂ ತಪ್ಪಿಲ್ರಿ. ಕೊಲ್ಹಾಪುರದ್ದು ಒದರಾಕತ್ತಿತ್ತು."

ಮೊದಲೇ ನೋಡಬಾರದಿತ್ತೇ ಎಂದು ನಾನು ಆಕ್ಷೇಪವೆತ್ತಿದೆ.

"ಕೀಲಿ ನಿಮ್ಮ ಕಿಸೇದಾಗ ಇತ್ತಲ್ರಿ, ಸಾಹೇಬ್ರ."

ವಾದದಲ್ಲಿ ಸೋತವರು ಮಾಡುವಂತೆ ಯಂತ್ರದ ಮೇಲೆ ಹರಿಹಾಯ್ದು, ಅದರ ದಾಖಲೆ ತೆರೆದೆ. ಪಾಪ, ಅದು ಪ್ರತಿ ಬೆಳಿಗ್ಗೆಯೂ ನನ್ನನ್ನು ಕೇಳಿತ್ತು: ಹಿಂದಿನ ಅಳತೆಯ ನಂತರ ಕೋಣೆಯಲ್ಲಿ ಏನಾದರೂ ಬದಲಾಗಿದೆಯೇ? ಪ್ರತಿ ಬೆಳಿಗ್ಗೆಯೂ ನಾನು ಇಲ್ಲ ಎಂದು ಒತ್ತಿದ್ದೆ. ಜಗತ್ತನ್ನೇ ಬದಲಿಸಲು ಹೊರಟವನಿಗೆ, ತಾನು ಕೈಯಾರೆ ಮಾಡಿದ ಏಕೈಕ ಬದಲಾವಣೆ ನೆನಪಿರಲಿಲ್ಲ.

ಪೆಟ್ಟಿಗೆಗಳು ಸೋಮವಾರ ಪುಣೆಗೆ ಹೋಗಿ ಪಾಸಾಗಿ ಬಂದವು. ಶಿಫಾರಸನ್ನು ನಾನೇ ಹರಿದೆ. ಈಗ ಗುಂಡಿ ಒತ್ತುವವನು ನಾನು, ಯಂತ್ರದ ಪ್ರಶ್ನೆಗೆ ಉತ್ತರ ಹೇಳುವವರು ಮಾಮಾ. ತಮ್ಮ ವಿದ್ಯೆಯನ್ನು ನನಗೂ ಕಲಿಸಲು ಅವರು ಒಪ್ಪಿದ್ದಾರೆ. ತಮ್ಮ ರೇಡಿಯೊ ಮುಟ್ಟಲು ಮಾತ್ರ ಬಿಡುತ್ತಿಲ್ಲ. ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ನಿಮ್ಮ ಅಟ್ಟದ ಮೇಲೆ ಹಳೆಯ ಕೈರೇಡಿಯೊ ಇದ್ದರೆ ಗುಜರಿಗೆ ಹಾಕಬೇಡಿ, ನಿಪ್ಪಾಣಿಯ ಕಡೆ ಬಂದಾಗ ನನಗೆ ಕೊಟ್ಟು ಹೋಗಿ.