ಮಳೆ ಎರಡೂ ಗೋಲಿನ ಮೇಲೆ ಸುರಿದಿತ್ತು

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಆ ವರ್ಷದ ಸೆಮಿಫೈನಲ್‌ನಲ್ಲಿ ಸೋತದ್ದು ಮಳೆಯಿಂದ ಎಂದು ನಿಲಾಯ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಸ್ಟೆಲ್ ವಾರ್ಡನ್ ಹೇಳುತ್ತಾರೆ, ಕ್ಯಾಂಟೀನಿನಲ್ಲಿ ಅನ್ನ ಬಡಿಸುವಾಕೆ ಹೇಳುತ್ತಾರೆ, ಮೈದಾನದ ಕಡೆ ತಲೆ ಹಾಕಿಯೂ ಮಲಗದವರು ಇನ್ನಷ್ಟು ಖಚಿತವಾಗಿ ಹೇಳುತ್ತಾರೆ. ನನಗೆ ಈ ಮಾತಿನ ಮೇಲೆ ಅನುಮಾನ. ನಿಲಾಯ್‌ನಲ್ಲಿ ಸಂಜೆ ನಾಲ್ಕಕ್ಕೆ ಮಳೆ ಬರುವುದು ಶಾಲೆಯಲ್ಲಿ ಗಂಟೆ ಹೊಡೆದಷ್ಟೇ ಸಹಜ. ಅದು ಯಾರ ಮೇಲೂ ಹಗೆ ಸಾಧಿಸುವುದಿಲ್ಲ. ಆ ದಿನವೂ ಮಳೆ ಎರಡೂ ಗೋಲಿನ ಮೇಲೆ ಸುರಿದಿತ್ತು. ಎದುರಾಳಿಗಳ ಬೂಟಿನೊಳಗೂ ನಮ್ಮವರ ಬೂಟಿನೊಳಗೆ ಹೋದಷ್ಟೇ ನೀರು ಹೋಗಿತ್ತು. ಒಂದೇ ಮಳೆ ಒಬ್ಬರನ್ನು ಗೆಲ್ಲಿಸಿ ಇನ್ನೊಬ್ಬರನ್ನು ಸೋಲಿಸಿತು ಎನ್ನುವುದಾದರೆ, ಹಾಗೆಂದು ಸಾಬೀತು ಮಾಡುವ ಹೊಣೆ ಹೇಳಿದವರದು. ನನ್ನ ಪ್ರಕಾರ ನಮ್ಮನ್ನು ಸೋಲಿಸಿದ್ದು ಕೋಚ್ ತೆಗೆದುಕೊಂಡ ಒಂದು ತೀರ್ಮಾನ.

ಹೀಗೆ ಹೇಳಲು ನಿನಗೇನು ಅರ್ಹತೆ ಎಂದು ನೀವು ಕೇಳಬಹುದು. ನಾನು ಮೈಸೂರಿನಿಂದ ಸಮುದ್ರ ದಾಟಿ ಈ ಪರದೇಶಕ್ಕೆ ಓದಲು ಬಂದವಳು. ಕಾಲೇಜಿನ ಚರ್ಚಾ ತಂಡದಲ್ಲಿದ್ದೆ, ಫುಟ್‌ಬಾಲ್ ತಂಡದಲ್ಲಲ್ಲ. ಜೀವಮಾನದಲ್ಲಿ ಒಮ್ಮೆ ಮಾತ್ರ ಚೆಂಡನ್ನು ಒದ್ದಿದ್ದೇನೆ. ಚೆಂಡು ಇದ್ದಲ್ಲೇ ಇತ್ತು, ಚಪ್ಪಲಿ ಗೋಲಾಯಿತು. ಆದರೆ ಸಾರು ಉಪ್ಪಾಗಿದೆ ಎನ್ನಲು ಅಡುಗೆ ಬರಬೇಕಾಗಿಲ್ಲ. ಒಂದೂ ಪಂದ್ಯ ತಪ್ಪಿಸದೆ ಮೂರು ವರ್ಷ ಸಿಮೆಂಟಿನ ಮೆಟ್ಟಿಲ ಮೇಲೆ ಕೂತು ಬೈದವಳಿಗೆ ಅಷ್ಟು ಅಧಿಕಾರವೂ ಇಲ್ಲವೆಂದರೆ ಅಭಿಮಾನಿ ಎಂಬ ಪದವನ್ನೇ ತೆಗೆದುಹಾಕಬೇಕಾಗುತ್ತದೆ.

ಸಾರಿನ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಮಗೆ ಚರ್ಚೆ ಕಲಿಸಿದವರು ಒಂದು ಅಭ್ಯಾಸ ಹಚ್ಚಿದ್ದರು: ಯಾವ ಪಕ್ಷವನ್ನು ನಂಬುವುದಿಲ್ಲವೋ ಅದನ್ನೇ ಹಿಡಿದು ಏಳು ನಿಮಿಷ ಮಾತಾಡಬೇಕು. ಸ್ಪರ್ಧೆಯಲ್ಲಿ ಯಾವ ಪಕ್ಷ ಸಿಗುತ್ತದೋ ಗೊತ್ತಿರುವುದಿಲ್ಲವಲ್ಲ, ಅದಕ್ಕೆ. ನಾನಿದನ್ನು ಹಲ್ಲುಜ್ಜುವಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದೆ. ಬಾಂಗ್ಸಾರ್‌ನಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ. ಒಂದು ಭಾನುವಾರ ಕಾಲೇಜಿನ ಗೆಳೆಯ ಇಮ್ತಿಯಾಜ್‌ನನ್ನೂ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಇಮ್ತಿಯಾಜ್ ಹುಬ್ಬಳ್ಳಿಯವನು, ನಮ್ಮ ತಂಡದ ಗೋಲ್‌ಕೀಪರ್. ಚಿಕ್ಕಮ್ಮ ಸಾರಿನ ರುಚಿ ನೋಡಿ, "ಉಪ್ಪು ಕಮ್ಮಿ ಆಯ್ತು ಕಣೆ" ಎಂದರು. ನನಗೂ ಕಮ್ಮಿ ಎನ್ನಿಸಿತ್ತು. ಆದ್ದರಿಂದ ಸರಿಯಾಗಿದೆ ಎಂದು ವಾದಕ್ಕೆ ಕೂತೆ.

"ಕಮ್ಮಿ ಅನ್ನೋದು ನಿಮಗೆ ಅನ್ನಿಸಿದ್ದು ಚಿಕ್ಕಮ್ಮ. ಉಪ್ಪು ಅಭಿಪ್ರಾಯ ಅಲ್ಲ, ಅಳತೆ. ದಿನಾ ಹಾಕೋ ಎರಡು ಚಮಚ ಇವತ್ತೂ ಹಾಕಿದ್ದೀರಾ ತಾನೇ?"

ಹತ್ತು ನಿಮಿಷದಲ್ಲಿ ಚಿಕ್ಕಮ್ಮ ಸೋತು, ಸಪ್ಪೆ ಸಾರನ್ನೇ ಕಲಸಿಕೊಂಡರು. ಇಮ್ತಿಯಾಜ್ ಮಾತ್ರ ಉಪ್ಪಿನ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. "ಅಳತಿ ಏನರ ಇರ್ಲಿ ಚಿಕ್ಕಮ್ಮಾರ, ನನ್ನ ನಾಲಿಗಿಗೆ ಸಪ್ಪಗ ಅದ." ವಾಪಸು ಬರುವಾಗ ರೈಲಿನಲ್ಲಿ ನನಗೆ ಹೇಳಿದ: "ಗೆದ್ದಿ ಬಿಡವಾ. ಆದ್ರ ಆ ಹೆಣ್ಮಗಳು ಸಪ್ಪಗ ಉಂಡ್ಲಲ್ಲ, ಅದನ್ನ ಯಾರ ಲೆಕ್ಕಕ್ಕ ಹಾಕೂದು?" ನಾನು ಅದಕ್ಕೂ ಉತ್ತರ ಕೊಟ್ಟೆ. ಏನು ಕೊಟ್ಟೆ ಎಂಬುದು ಈಗ ನೆನಪಿಲ್ಲ.

ಇನ್ನು ಕೋಚ್. ದಿನಕರ ಸರ್ ಕುಂದಾಪುರದ ಕಡೆಯವರು, ನಮ್ಮ ಸಿವಿಲ್ ವಿಭಾಗದಲ್ಲಿ ಕಾಂಕ್ರೀಟಿನ ಪಾಠ ಮಾಡುತ್ತಿದ್ದರು. ಆಡಿದ್ದು ಕಬಡ್ಡಿ. ಯಾವುದೋ ಸಭೆಯಲ್ಲಿ "ಹಾಗಾದ್ರೆ ಕೋಚ್ ಯಾರು?" ಎಂದು ಕೇಳಿದ ತಪ್ಪಿಗೆ ಕೋಚ್ ಆದವರು. ಅವರ ತೀರ್ಮಾನಗಳ ಬಗ್ಗೆ ನನ್ನ ಹತ್ತಿರ ಒಂದು ಪಟ್ಟಿಯೇ ಇತ್ತು. ಗಡಿಯಾರ ನೋಡಿ ಮಾತ್ರೆ ಕೊಡುವ ನರ್ಸಿನ ಹಾಗೆ ಅರವತ್ತನೇ ನಿಮಿಷಕ್ಕೆ ಸರಿಯಾಗಿ ಒಬ್ಬನನ್ನು ಬದಲಿಸುತ್ತಿದ್ದರು, ಆ ಹೊತ್ತಿಗೆ ಅವನು ಗೋಲಿನ ಬಾಯಲ್ಲಿದ್ದರೂ ಸರಿ. ಕಾರ್ನರ್ ಸಿಕ್ಕಿತೆಂದರೆ ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಬಿಟ್ಟವರಂತೆ ಎಲ್ಲರನ್ನೂ ಮುಂದಕ್ಕೆ ನುಗ್ಗಿಸುತ್ತಿದ್ದರು. ಹಿಂದೆ ಇಮ್ತಿಯಾಜ್ ಒಬ್ಬನೇ, ಮನೆ ಕಾಯಲು ಬಿಟ್ಟ ಅಜ್ಜನ ಹಾಗೆ. ಎಡಗಾಲಿನವನನ್ನು ಬಲಕ್ಕೆ ಹಾಕಿದ್ದೇಕೆಂದು ಕೇಳಿದರೆ, "ಆಚೆ ಬಿಸಿಲು ಕಣ್ಣಿಗೆ ಹೊಡೀತದೆ ಅಂದ ಮಾರಾಯ್ತಿ, ಪಾಪ" ಎನ್ನುತ್ತಿದ್ದರು. ಇಷ್ಟೆಲ್ಲ ಇದ್ದರೂ ಅವರಲ್ಲಿ ಬೇರೆ ಕೋಚ್‌ಗಳಲ್ಲಿ ಇಲ್ಲದ ಒಂದು ಗುಣವಿತ್ತು: ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಕೋಚ್ ತಮ್ಮ ಮಾತು ಕೇಳುವುದಿಲ್ಲ ಎಂಬುದು ಜಗತ್ತಿನ ಅಭಿಮಾನಿಗಳ ದುಃಖ. ನನ್ನ ದುಃಖ ಬೇರೆ ಜಾತಿಯದು.

ತಂಡದ ಆಯ್ಕೆ ನಡೆಯುತ್ತಿದ್ದದ್ದು ಗೇಟಿನ ಎದುರಿನ, ತಮಿಳು ಮುಸ್ಲಿಮರು ನಡೆಸುವ ಮಾಮಾಕ್ ಹೋಟೆಲಿನಲ್ಲಿ, ಪ್ರತಿ ಗುರುವಾರ ಪಾಠ ಮುಗಿದ ಮೇಲೆ. ಸರ್ ಎರಡು ಲೋಟಗಳ ನಡುವೆ ಎತ್ತಿ ಸುರಿದ ನೊರೆ ಚಹಾ ಹೇಳಿ, ಟಿಶ್ಯೂ ಕಾಗದದ ಮೇಲೆ ಹನ್ನೊಂದು ಚುಕ್ಕೆ ಇಡುತ್ತಿದ್ದರು. ಸೆಮಿಫೈನಲ್‌ನ ಹಿಂದಿನ ಗುರುವಾರ ನಾನು ಪರೋಟದಂಥ ರೋಟಿ ಚನಾಯ್ ತಿನ್ನಲು ಹೋದವಳು ಅವರ ಮೇಜಿನಲ್ಲೇ ಕೂತೆ.

ಆ ಪಂದ್ಯ ಇಮ್ತಿಯಾಜ್‌ಗೆ ಎಷ್ಟು ಮುಖ್ಯವಾಗಿತ್ತು ಎಂಬುದು ನನಗೆ ಗೊತ್ತಿತ್ತು. ಅವನದು ಕೊನೆಯ ವರ್ಷ. ಮುಗಿದ ಮೇಲೆ ಬ್ರಿಕ್‌ಫೀಲ್ಡ್ಸ್‌ನ ಒಂದು ಕಚೇರಿಯಲ್ಲಿ ಕೆಲಸ ಕಾದಿತ್ತು. ಗ್ಲೌಸ್ ಹಾಕಿಕೊಳ್ಳುವ ಕೆಲಸವೇನೂ ಅಲ್ಲ. ಸೋತರೆ ಅದೇ ಅವನ ಕೊನೆಯ ಪಂದ್ಯ. ಎದುರಾಳಿ ತಂಡದ ಪಂದ್ಯ ಎಲ್ಲೆಲ್ಲಿ ನಡೆದರೂ ಬಸ್ಸು ಹತ್ತಿ ಹೋಗಿ, ಅವರಲ್ಲಿ ಯಾರು ಪೆನಾಲ್ಟಿಯನ್ನು ಯಾವ ಕಡೆ ಒದೆಯುತ್ತಾರೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ನನಗೆ ತೋರಿಸಿಯೂ ಇದ್ದ. "ಏಳನೇ ನಂಬರ್: ಎಡಕ್ಕ, ಕೆಳಗ. ಓಡಿ ಬರೋ ಮುಂದ ತಲಿ ತಗ್ಗಸ್ತಾನ" ಎಂಬಂಥ ಸಾಲುಗಳು. ಬೇರೆಯವರ ಕೈಗೆ ಸಿಕ್ಕರೂ ತಿಳಿಯಬಾರದೆಂದು ಅಷ್ಟನ್ನೂ ಕನ್ನಡದಲ್ಲಿ ಬರೆದಿದ್ದ. ಇಂಥ ಜಾಣತನವನ್ನು ನಾನೂ ಮೆಚ್ಚಿದ್ದೆ.

ಸರ್ ಕೇಳಿದರು: "ಪೆನಾಲ್ಟಿಗೆ ಹೋದ್ರೆ ಎಂತ ಮಾಡುದು ಮಾರಾಯ್ತಿ? ಇಮ್ತಿಯಾಜನನ್ನೇ ಬಿಡುದಾ, ಹಾಫಿಜ್‌ನನ್ನು ಇಳಿಸುದಾ?"

ಹಾಫಿಜ್ ಎರಡನೇ ಕೀಪರ್, ಈ ದೇಶದವನೇ, ಸೆರೆಂಬಾನ್‌ನವನು, ಮೊದಲ ವರ್ಷ. ಇಮ್ತಿಯಾಜ್‌ಗಿಂತ ಒಂದು ತಲೆ ಎತ್ತರ. ನನಗೆ ಒಂದಿಷ್ಟೂ ಗೊಂದಲವಿರಲಿಲ್ಲ: ಇಮ್ತಿಯಾಜ್‌ನೇ ಇರಬೇಕು. ಮುಂದಿನ ವಾರ ನನಗೊಂದು ಚರ್ಚಾಸ್ಪರ್ಧೆ ಇತ್ತು, ಅಂದಿನ ಅಭ್ಯಾಸ ಇನ್ನೂ ಆಗಿರಲಿಲ್ಲ. ಆದ್ದರಿಂದ ಹಾಫಿಜ್ ಎಂದೆ.

"ನೋಡಿ ಸರ್, ಅನುಭವ ಅನ್ನೋದು ಅಭಿಪ್ರಾಯ. ಎತ್ತರ ಅಭಿಪ್ರಾಯ ಅಲ್ಲ, ಅಳತೆ. ಕೀಪರ್‌ಗೆ ಅನುಭವ ಇದೆ ಅಂತ ಗೋಲ್‌ಕಂಬ ಹತ್ತಿರ ಬರಲ್ಲ."

"ಅದು ಹೌದಲ್ಲ" ಎಂದು ಸರ್ ಪೆನ್ನು ತೆಗೆದರು.

ಏಳು ನಿಮಿಷ ಮಾತಾಡಿದೆ. ತೋಳಿನ ಉದ್ದ ಬಂತು, ದಣಿಯದ ಕಾಲು ಬಂತು, ಕೊನೆಯ ಗಳಿಗೆಯಲ್ಲಿ ಹೊಸ ಮುಖ ಕಂಡರೆ ಒದೆಯುವವನ ಎದೆ ಹಾರುತ್ತದೆ ಎಂಬ ಮನಶ್ಶಾಸ್ತ್ರವೂ ಬಂತು. ನೋಟ್‌ಬುಕ್ ಬರಲಿಲ್ಲ. ಇದರಲ್ಲಿ ಮೋಸವೇನೂ ಇರಲಿಲ್ಲ, ಕಲಿತದ್ದೇ ಹಾಗೆ. ಎದುರು ಪಕ್ಷದ ಬಲವಾದ ಅಂಶವನ್ನು ನಾವಾಗಿ ಎತ್ತಿಕೊಡಬಾರದು. ಅದನ್ನು ಎತ್ತಲು ಎದುರು ಪಕ್ಷದವರು ಇರುತ್ತಾರೆ. ಆ ಮೇಜಿನಲ್ಲಿ ಎದುರು ಪಕ್ಷದವರು ಕೂರಬೇಕಾಗಿದ್ದ ಕುರ್ಚಿಯ ಮೇಲೆ ಸರ್ ಅವರ ಛತ್ರಿ ಇತ್ತು. ಅದು ಏನೂ ಹೇಳಲಿಲ್ಲ. ನಾನು ರೋಟಿ ಮುಗಿಸಿ, ಇನ್ನೊಂದನ್ನು ರೂಮ್‌ಮೇಟ್‌ಗೆ ಟಪಾವ್, ಅಂದರೆ ಪೊಟ್ಟಣ, ಮಾಡಿಸಿಕೊಂಡು ಎದ್ದೆ. ಆಡಿದ ಭಾಷಣವನ್ನು ಅಲ್ಲೇ ಮರೆಯುವುದೂ ನಮ್ಮ ಅಭ್ಯಾಸವೇ.

ಶನಿವಾರ ಪಂದ್ಯ. ಮಳೆ ಬಂತು, ಗುಡುಗಿಗೆ ಅರ್ಧ ಗಂಟೆ ಆಟ ನಿಂತಿತು, ಮತ್ತೆ ಶುರುವಾಯಿತು. ಎರಡೂ ಕಡೆ ಒಂದೊಂದು ಗೋಲು. ಮುಗಿಯಲು ಎರಡು ನಿಮಿಷ ಇದೆ ಎನ್ನುವಾಗ ಹಾಫಿಜ್ ಗೆರೆಯ ಹತ್ತಿರ ನಿಂತು ಮೈ ಬಿಸಿ ಮಾಡಿಕೊಳ್ಳತೊಡಗಿದ. ಬದಲಾವಣೆಯ ಫಲಕ ಮೇಲೆದ್ದಿತು: ಒಂದನೇ ನಂಬರ್ ಹೊರಗೆ. ಇಮ್ತಿಯಾಜ್ ಅದನ್ನು ನೋಡಿ, ಬೇರೆ ಯಾರದೋ ನಂಬರ್ ಇರಬೇಕೆಂಬಂತೆ ಸುತ್ತ ನೋಡಿದ. ಆಮೇಲೆ ಗ್ಲೌಸ್ ಬಿಚ್ಚಿದ. ನಾನು ಮೆಟ್ಟಿಲ ಮೇಲೆ ಎದ್ದು ನಿಂತು, ಇಡೀ ಮೈದಾನಕ್ಕೆ ಕೇಳುವಂತೆ ಅಚ್ಚ ಕನ್ನಡದಲ್ಲಿ ಕೂಗಿದೆ: "ಸರ್, ತಲೆ ಕೆಟ್ಟಿದೆಯಾ ನಿಮಗೆ? ಯಾರಾದರೂ ಈಗ ಕೀಪರ್‌ನ ತೆಗೀತಾರಾ?"

ಸರ್ ತಿರುಗಿ ನೋಡಿದರು. ಬರೆಸಿದ್ದನ್ನೇ ಅಕ್ಷರಶಃ ಬರೆದು ಸೊನ್ನೆ ತೆಗೆದುಕೊಂಡ ವಿದ್ಯಾರ್ಥಿಯ ಮುಖ ಅದು. ಗುರುವಾರದ ರೋಟಿ ನನಗೆ ನೆನಪಾದದ್ದು ಆಗ.

ಹೊರಗೆ ಹೋಗುವ ಮೊದಲು ಇಮ್ತಿಯಾಜ್ ಗೋಲಿನ ಬಲೆಯ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ನೋಟ್‌ಬುಕ್ಕನ್ನು ತೆಗೆದು ಹಾಫಿಜ್‌ನ ಕೈಗಿಟ್ಟ. ಹಾಫಿಜ್ ತೆರೆದ. ತಿರುಗಿಸಿ ಹಿಡಿದ. "ಬ್ರೋ, ದಿಸ್ ಒನ್ ಹೌ ಟು ರೀಡ್?" ಎಂದ. ಅಷ್ಟರಲ್ಲಿ ರೆಫ್ರಿ ಇಮ್ತಿಯಾಜ್‌ನನ್ನು ಗೆರೆಯಾಚೆ ಕಳಿಸಿದರು. ಆ ಮೈದಾನದಲ್ಲಿ ಅದನ್ನು ಓದಬಲ್ಲವರು ಮೂವರೇ. ಒಬ್ಬನನ್ನು ತೆಗೆದುಹಾಕಲಾಗಿತ್ತು, ಒಬ್ಬರು ಅವನನ್ನು ತೆಗೆದುಹಾಕಿದ್ದರು, ಇನ್ನೊಬ್ಬಳು ಮೆಟ್ಟಿಲ ಮೇಲೆ ಆಗಷ್ಟೇ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಪೆನಾಲ್ಟಿ ಶುರುವಾಯಿತು. ನಾಲ್ಕು ಸಲ ಹಾಫಿಜ್ ಕಣ್ಣಿಗೆ ಹಬ್ಬವಾಗುವಂತೆ ಹಾರಿದ, ನಾಲ್ಕು ಸಲವೂ ಚೆಂಡು ಇನ್ನೊಂದು ಕಡೆ ಹೋಯಿತು. ಎತ್ತರಕ್ಕೆ ಯಾವ ಕೊರತೆಯೂ ಇರಲಿಲ್ಲ. ನಾಲ್ವರೂ ನೋಟ್‌ಬುಕ್ಕಿನಲ್ಲಿದ್ದ ಕಡೆಗೇ ಒದ್ದರು ಎಂದರೆ ಕಥೆ ಇನ್ನೂ ಚೆನ್ನಾಗಿರುತ್ತಿತ್ತು. ಹಾಗೆ ಒದ್ದವರು ಮೂವರು.

ಸೋಮವಾರ ಅದೇ ಮಾಮಾಕ್ ಹೋಟೆಲ್. ಇಮ್ತಿಯಾಜ್ ನೇರವಾಗಿ ಕೇಳಿದ. "ಸರ್, ನನ್ನ ಯಾಕ್ ತೆಗದ್ರಿ? ಸಿಟ್ಟೇನಿಲ್ಲ. ತಿಳ್ಕೋಬೇಕು, ಅಷ್ಟ."

ಸರ್ ನನ್ನ ಕಡೆ ನೋಡಲೇ ಇಲ್ಲ. "ನನ್ನದೇ ಲೆಕ್ಕ ಮಾರಾಯ, ತಪ್ಪಿತು" ಎಂದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಕಾಂಕ್ರೀಟಿನ ಮೇಷ್ಟ್ರಲ್ಲವೇ, ಕಾರಣ ಕೊಡದೆ ಇರಲಾಗಲಿಲ್ಲ. "ಎತ್ತರ ಅಂದ್ರೆ ಅಭಿಪ್ರಾಯ ಅಲ್ಲ ನೋಡು, ಅಳತೆ. ಹಾಗಂತ ಕಂಡಿತು."

ಇಮ್ತಿಯಾಜ್ ಲೋಟ ಕೆಳಗಿಟ್ಟ. ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಬೆರಳಿನಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿದ. ನಾನು ಆ ಹೊತ್ತಿಗೆ ಮೂರು ಅಂಶಗಳ ಒಂದು ಸಮರ್ಥನೆಯನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಪಕ್ಕದ ಮೇಜಿನಿಂದ ಯಾರೋ ಸೀನಿಯರ್ ಹುಡುಗ ಕೂಗಿ, ಕೀಪರ್‌ನ ತೆಗೆದದ್ದು ಯಾವ ಬುದ್ಧಿವಂತ ಎಂದು ಕೇಳಿದ. ಇಮ್ತಿಯಾಜ್ ತಲೆ ಎತ್ತದೆಯೇ ಹೇಳಿದ: "ರೈನ್ ಲಾ. ಬಾಲ್ ವೆಟ್, ಎನಿಬಡಿ ಆಲ್ಸೋ ಕೆನಾಟ್." ಚೆಂಡು ಒದ್ದೆ, ಯಾರಿದ್ದರೂ ಹಿಡಿಯಲಾಗುತ್ತಿರಲಿಲ್ಲ ಎಂಬ ಮಳೆಯ ಕಥೆ ಹುಟ್ಟಿದ್ದು ಹೀಗೆ, ನನ್ನ ಕಣ್ಣೆದುರಿಗೆ. ಅಭ್ಯಾಸಬಲದಿಂದ ನಾನು, "ಆದರೆ ಮಳೆ ಎರಡೂ ಕಡೆ..." ಎಂದು ಬಾಯಿ ತೆರೆದಿದ್ದೆ. ಸರ್ ರೋಟಿಯ ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿದರು.

ಅದೇ ವಾರದ ಚರ್ಚಾಸ್ಪರ್ಧೆಯಲ್ಲಿ ನನಗೆ ಉತ್ತಮ ವಾಗ್ಮಿ ಬಹುಮಾನ ಬಂತು. ವಿಷಯ ಯಾವುದಿತ್ತೋ, ಯಾವ ಪಕ್ಷದಲ್ಲಿದ್ದೆನೋ ನೆನಪಿಲ್ಲ.

ಆರು ತಿಂಗಳ ಮೇಲೆ ಚಿಕ್ಕಮ್ಮನಿಗೆ ಕರಿಬೇವು ತರಲು ಬ್ರಿಕ್‌ಫೀಲ್ಡ್ಸ್‌ಗೆ ಹೋದಾಗ ಇಮ್ತಿಯಾಜ್ ಊಟಕ್ಕೆ ಸಿಕ್ಕಿದ. ಟೈ ಕಟ್ಟಿದ್ದ, ಸ್ವಲ್ಪ ದಪ್ಪಗಾಗಿದ್ದ. ಬಾಳೆಲೆಯ ಮೇಲೆ ಸಾಂಬಾರು ಬಿತ್ತು. ಕಚೇರಿಯ ಬಗ್ಗೆ ಹೇಳಿದ, ಹಾಫಿಜ್ ಈಗ ಚೆನ್ನಾಗಿ ಆಡುತ್ತಾನಂತೆ ಎಂದ, ದಿನಕರ ಸರ್ ಈಗಲೂ ಅರವತ್ತನೇ ನಿಮಿಷಕ್ಕೇ ಬದಲಿಸುತ್ತಾರಾ ಎಂದು ಕೇಳಿ ನಕ್ಕ. ನನಗೆ ಸಾಂಬಾರು ಸಪ್ಪೆ ಎನ್ನಿಸಿತು. ಸಪ್ಪೆ ಎಂದೇ ಹೇಳಿದೆ. ಅವನು ಉಪ್ಪಿನ ಡಬ್ಬಿಯನ್ನು ನನ್ನ ಕಡೆ ಸರಿಸಿ ತನ್ನ ಪಾಡಿಗೆ ತಾನು ಕಲಸಿಕೊಳ್ಳತೊಡಗಿದ. ನನಗೆ ಕೇಳಬೇಕಾಗಿದ್ದದ್ದು ಒಂದೇ ಇತ್ತು. ಪೀಠಿಕೆ ಇಲ್ಲದೆ ಕೇಳಿದೆ:

"ಇಮ್ತಿಯಾಜ್, ಆವತ್ತು ಮಳೆ ಅಂತ ಮೊದಲು ಹೇಳಿದವನು ನೀನು. ಅದು ಸರ್‌ನ ಉಳಿಸೋಕೆ ಹೇಳಿದ್ದಾ, ನನ್ನನ್ನಾ?"