ರವಿವಾರದ ಕೇಸು

ಕೆಲವರು ಚಿಕ್ಕಂದಿನಲ್ಲಿ ಹಾಡಿ ಹೆಸರು ಮಾಡುತ್ತಾರೆ, ಕೆಲವರು ಓಡಿ ಕಪ್ಪು ಗೆಲ್ಲುತ್ತಾರೆ. ನಾನು ಅಂಗಿ ಬಿಚ್ಚಿ ಚಾಪೆಯ ಮೇಲೆ ಅಂಗಾತ ಮಲಗಿ ಹೆಸರು ಮಾಡಿದವನು. ಇದನ್ನು ಜಂಬದಿಂದ ಹೇಳುತ್ತಿಲ್ಲ; ಸ್ವಲ್ಪ ಜಂಬವೂ ಇದೆ ಎನ್ನಿ. ರೈಲ್ವೆಯಲ್ಲಿ ಗುಮಾಸ್ತನಾಗಿ ಮೂವತ್ತೈದು ವರ್ಷ ದುಡಿದೆ. ನನ್ನನ್ನು ನೆನಪಿಟ್ಟುಕೊಂಡ ಸ್ಟೇಶನ್ ಮಾಸ್ತರರು ನಾಲ್ಕು ಮಂದಿ ಇದ್ದಾರೋ ಇಲ್ಲವೋ. ಆದರೆ ಗದಗ, ಹಾವೇರಿ, ಬಾಗಲಕೋಟೆ ಎಲ್ಲಿಗೇ ಹೋಗಲಿ, ತಲೆ ನರೆತ ಡಾಕ್ಟರೊಬ್ಬರು ನನ್ನ ಹೆಸರು ಕೇಳಿದ ಕೂಡಲೇ ಮುಖ ಬಿಟ್ಟು ಎದೆಯ ಕಡೆ ನೋಡಿ, "ಓಹೋ, ಸರ್ ಮಗಾ ಅಲ್ಲೇನ್ರಿ ನೀವು? ನಿಮ್ಮ ಎದಿ ನಾ ಕೇಳೇನ್ರಿ!" ಎಂದು ಕೈ ಹಿಡಿದುಕೊಳ್ಳುತ್ತಾರೆ. ಪಕ್ಕದಲ್ಲಿದ್ದ ಹೆಂಡತಿ ಮೊದಮೊದಲು ಗಾಬರಿಯಾಗುತ್ತಿದ್ದಳು. ಈಗ ಅವಳಿಗೂ ರೂಢಿಯಾಗಿದೆ.

ಇದಕ್ಕೆಲ್ಲ ಕಾರಣ ನಮ್ಮ ಅಪ್ಪ. ಐವತ್ತರ ದಶಕದ ಕೊನೆಯಲ್ಲಿ ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಹೊಸದಾಗಿ ಬಂದಾಗ ಅಲ್ಲಿ ಕಲಿಸಲು ಸೇರಿದವರು ಅವರು. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಪಾಠ, ಸಂಜೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರೋಗಿಗಳು, ತಿಂಗಳಿಗೆರಡು ಸಲ ಗರಗದ ನೇಕಾರರ ಕೆಮ್ಮು ನೋಡಲು ಬಸ್ಸು. ಇಷ್ಟಾದರೂ ಅವರ ಕಣ್ಣಿಗೆ ಬಿಡುವೆಂಬುದಿರಲಿಲ್ಲ. ದುರ್ಗದ ಬೈಲಿಗೆ ಬದನೆಕಾಯಿ ತರಲು ಕಳಿಸಿದರೆ ಬದನೆಕಾಯಿ ಬಿಟ್ಟು ಮಾರುವವಳ ಕುತ್ತಿಗೆಯನ್ನೇ ನೋಡುತ್ತಾ ನಿಲ್ಲುವರು. "ಎಷ್ಟು ದಿವಸಾತವ್ವಾ ಈ ಗಂಟು ಎದ್ದು? ಒಂದೀಟು ಉಗುಳು ನುಂಗು, ನೋಡೋಣು" ಎನ್ನುವರು. ಹತ್ತು ನಿಮಿಷದಲ್ಲಿ ಆ ಸಾಲಿನ ಕಾಯಿಪಲ್ಲೆಯವರೆಲ್ಲ ನಾಲಿಗೆ ಚಾಚಿ ಪಾಳಿ ಹಚ್ಚುತ್ತಿದ್ದರು. ಅಪ್ಪ ಬರಿಗೈಲಿ ಮನೆಗೆ ಬಂದು, "ಥೈರಾಯ್ಡ್ ಅದ. ನಾಳೆ ದವಾಖಾನಿಗೆ ಬಾ ಅಂತ ಹೇಳಿ ಬಂದೇನಿ" ಎಂದು ಖುಷಿಯಿಂದ ಹೇಳುವರು. "ಬದನಿಕಾಯಿ?" ಎಂದು ಅವ್ವ ಕೇಳಿದರೆ, "ಅದನ್ನೂ ನಾಳೆನ ತರ್ತಾಳಂತ" ಎನ್ನುವರು.

ಅವ್ವ ಒಂದು ದಿನ ತಡೆಯಲಾರದೆ, "ವಾರದಾಗ ಒಂದ ದಿವಸರ ಮನ್ಯಾಗ ಇರ್ರಿ. ಮಗ ಅಪ್ಪನ ಮಾರಿ ಮರೀತಾನು" ಎಂದಳು. ಅಪ್ಪನಿಗೆ ನಾಟಿತು. ಇನ್ನು ಮೇಲೆ ರವಿವಾರ ಮನೆ ಬಿಟ್ಟು ಕದಲುವುದಿಲ್ಲ ಎಂದು ಮಾತು ಕೊಟ್ಟರು, ಕೊಟ್ಟ ಮಾತಿಗೆ ಸರಿಯಾಗಿ ನಡೆದುಕೊಂಡರು. ಮೊದಲ ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಪಡಸಾಲೆಯಲ್ಲಿ ಹನ್ನೆರಡು ಮಂದಿ ಮೆಡಿಕಲ್ ವಿದ್ಯಾರ್ಥಿಗಳು ಸಾಲಾಗಿ ಕುಳಿತಿದ್ದರು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಮನ್ಯಾಗ ಇರ್ರಿ ಅಂದಿ, ಇದ್ದೇನಲ್ಲ" ಎಂದರು ಅಪ್ಪ. ಅವ್ವ ಒಳಗೆ ಹೋಗಿ ಹನ್ನೆರಡು ಮಂದಿಗೆ ರವೆ ಹುರಿಯಲು ಇಟ್ಟಳು. ಆಮೇಲೆ ಐದಾರು ವರ್ಷ ಪ್ರತಿ ರವಿವಾರ ನಮ್ಮ ಮನೆಯಲ್ಲಿ ಉಪ್ಪಿಟ್ಟು.

ಮನೆಯಲ್ಲಿ ಪಾಠವೆಂದ ಮೇಲೆ ಕೇಸುಗಳೂ ಮನೆಯವೇ ಆಗಬೇಕಲ್ಲ. ಮೊದಲು ಅಜ್ಜಿಯ ಮೊಣಕಾಲು. ಮಡಚಿದರೆ ಫುಟಾಣಿ ಹುರಿದಂತೆ ಕಟಕಟ ಎನ್ನುತ್ತಿದ್ದ ಆ ಕಾಲನ್ನು ಅಜ್ಜಿ ಪುಕ್ಕಟೆ ಮುಟ್ಟಗೊಡುತ್ತಿರಲಿಲ್ಲ. ಮುಟ್ಟುವವನು ತನ್ನ ಊರು, ಮನೆತನ, ಲಗ್ನವಾಗಿದೆಯೋ ಇಲ್ಲವೋ ಎಲ್ಲ ಹೇಳಬೇಕು. ಆ ಮೊಣಕಾಲಿನಿಂದ ಎರಡು ಲಗ್ನಗಳು ಕೂಡಿಬಂದವು. ಅವ್ವ ಮಾತ್ರ ಯಾರ ಕೈಗೂ ಸಿಗಲಿಲ್ಲ. ಆದರೂ ಚಹಾ ಕೊಡಲು ಬಂದಾಗ ಅಪ್ಪ ದೂರದಿಂದಲೇ, "ನೋಡ್ರೋ, ಕಣ್ಣಿನ ರೆಪ್ಪಿ ಒಳಗ ಹೆಂಗ ಬೆಳ್ಳಗಾಗ್ಯದ. ರಕ್ತ ಕಡಿಮಿ" ಎಂದು ತೋರಿಸಿಬಿಡುವರು. ಅವ್ವ ಸೆರಗು ಎಳೆದುಕೊಂಡು ಒಳಗೆ ನಡೆಯುವಳು. ಅವಳಿಗೆ ಕಬ್ಬಿಣದ ಗುಳಿಗೆ ಬಂದವು. ರಕ್ತ ಯಾಕೆ ಕಡಿಮೆಯಾಯಿತೆಂದು ಅಪ್ಪ ಕೇಳಲಿಲ್ಲ.

ಇನ್ನು ನಾನು. ನನಗೆ ಏಳು ವರ್ಷವಾಗಿದ್ದಾಗ ಜ್ವರ ಬಂದು ಅಪ್ಪ ಎದೆಗೆ ಸ್ಟೆಥೋಸ್ಕೋಪು ಇಟ್ಟರು. ಇಟ್ಟವರು ತೆಗೆಯಲಿಲ್ಲ. ಮುಖ ಅರಳಿತು. ಕೆಲವು ಮಕ್ಕಳ ಗುಂಡಿಗೆಯಲ್ಲಿ ಎರಡು ಬಡಿತಗಳ ನಡುವೆ ಇನ್ನೊಂದು ಮೆತ್ತನೆಯ ಸಪ್ಪಳ ಇರುತ್ತದಂತೆ. ರೋಗವಲ್ಲ, ರಂಧ್ರವಲ್ಲ; ದೊಡ್ಡವರಾಗುತ್ತ ತಾನಾಗಿಯೇ ಹೋಗುತ್ತದೆ. ಇದನ್ನೂ ನಿಜವಾದ ಹೃದ್ರೋಗದ ಸದ್ದನ್ನೂ ಬೇರೆ ಮಾಡಿ ಗುರುತಿಸಲು ಬಾರದ ಡಾಕ್ಟರು, ಗಟ್ಟಿಮುಟ್ಟಾದ ಮಗುವನ್ನು ಸುಮ್ಮನೆ ಹಾಸಿಗೆಗೆ ಹಾಕುತ್ತಾನೆ ಎಂದು ಅಪ್ಪ ಪ್ರತಿ ತಂಡಕ್ಕೂ ಇಂಗ್ಲಿಷಿನಲ್ಲಿ, ಮೇಜು ಗುದ್ದಿ ಹೇಳುತ್ತಿದ್ದರು. ಆ ಇಂಗ್ಲಿಷು ನನಗೆ ಮೊದಲು ಬಾಯಿಪಾಠವಾಯಿತು, ಆಮೇಲೆ ಅರ್ಥವೂ ಆಯಿತು. ಒಂಬತ್ತನೆಯ ವಯಸ್ಸಿಗೆ ನನಗೆ ಚೆನ್ನಾಗಿ ಗೊತ್ತಿತ್ತು, ನನಗೇನೂ ಆಗಿಲ್ಲವೆಂದು.

ಅವ್ವನಿಗೆ ಗೊತ್ತಿರಲಿಲ್ಲ. ಅವಳ ತಮ್ಮನೊಬ್ಬ ಎಂಟನೆಯ ವರ್ಷಕ್ಕೆ ಎದೆಯ ಬೇನೆಯಿಂದ ತೀರಿಕೊಂಡಿದ್ದ. ಅಪ್ಪ, "ಏನೂ ಇಲ್ಲ ಅದು" ಎಂದಿದ್ದರು, ನಿಜ. ಆದರೆ ಅವ್ವ ಅಜ್ಜಿಯ ಮುಂದೆ ಹೇಳುವಳು: "ಏನೂ ಇಲ್ಲದ್ದನ್ನ ಕೇಳಾಕ ವಾರಾ ವಾರಾ ಇಷ್ಟು ಮಂದಿ ಯಾಕ ಬರ್ತಾರ್ರಿ ಅತ್ತಿ?" ಅವಳು ಸೋಮವಾರ ಒಪ್ಪತ್ತು ಹಿಡಿದಳು, ಅದು ಸಾಲದೆಂದು ಗುರುವಾರವೂ. ನನಗೆ ಬಾದಾಮಿ ಹಾಲು. ರೊಟ್ಟಿಯ ಮೇಲೆ ಬೆಣ್ಣೆಯ ಗುಡ್ಡ. ಕೊಡ ಎತ್ತಬಾರದು, ಗಿಡ ಹತ್ತಬಾರದು. ಸಾಲೆಗೆ ತಾನೇ ಹೋಗಿ ಡ್ರಿಲ್ ಮಾಸ್ತರರ ಮುಂದೆ ಕಣ್ಣೊರೆಸಿಕೊಂಡು ಬಂದಳು. ಉಳಿದ ಹುಡುಗರು ಬಿಸಿಲಲ್ಲಿ ಸುತ್ತು ಹೊಡೆಯುವಾಗ ನಾನು ಬೇವಿನ ನೆರಳಲ್ಲಿ ಕುಳಿತು ಅವರ ಚಪ್ಪಲಿ ಕಾಯುತ್ತಿದ್ದೆ. ರಾತ್ರಿ ಮಲಗಿದಾಗ ಅವ್ವ ನನ್ನ ಎದೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿರುತ್ತಿದ್ದಳು. ನಿದ್ದೆ ಬಂದವನ ಹಾಗೆ ನಾನು ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ, ಬಾದಾಮಿ ಹಾಲು ಛಲೋ ಇತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ದೇವರು ಕ್ಷಮಿಸುತ್ತಿದ್ದನೇನೋ. ನಾನು ಒಂದು ವ್ಯಾಪಾರವನ್ನೂ ಶುರು ಮಾಡಿದ್ದೆ. ಹೊಸ ವಿದ್ಯಾರ್ಥಿಗಳ ಕಿವಿಗೆ ಆ ಸಣ್ಣ ಸಪ್ಪಳ ಲಗೂ ಸಿಗುತ್ತಿರಲಿಲ್ಲ. ಅಪ್ಪ ಪೆನ್ಸಿಲಿನಿಂದ ನನ್ನ ಎದೆಯ ಮೇಲೆ ಜಾಗ ತೋರಿಸಿ, "ಇಲ್ಲಿ ಇಡು. ಏನ್ ಕೇಳಸ್ತದ?" ಎಂದು ಗದರಿದರೆ ಹುಡುಗರ ಬೆವರು ನನ್ನ ಹೊಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ತುಟಿ ಅಲ್ಲಾಡಿಸದೆ, "ಎಡಕ್ಕ, ಮೆತ್ತಗ, ತಂತಿ ಮೀಟಿಧಂಗ" ಎಂದು ಪಿಸುಗುಟ್ಟುವೆ. ಅವನು ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಒಪ್ಪಿಸುವನು. ಮುಂದಿನ ವಾರ ಧಾರವಾಡದಿಂದ ಬರುವಾಗ ನನಗೊಂದು ಫೇಡೆಯ ಪೊಟ್ಟಣ ತರುವನು. ಅಪ್ಪ, "ಈ ತಂಡದ ಹುಡುಗರ ಕಿವಿ ಭಾಳ ಚುರುಕು" ಎಂದು ಹೆಮ್ಮೆ ಪಡುತ್ತಿದ್ದರು.

ಹೀಗಿರುವಾಗ, ನನಗೆ ಹನ್ನೆರಡು ತುಂಬಿದ ವರ್ಷ, ಖಾದರ ಬಂದ. ಹುಬ್ಬಳ್ಳಿಯವನೇ, ಸೈಕಲ್ ದುರಸ್ತಿ ಅಂಗಡಿಯವರ ಮಗ. ಇಂಗ್ಲಿಷು ತೊಡರುತ್ತಿತ್ತು, ಹಿಂದಿನ ವರ್ಷ ನಪಾಸಾಗಿದ್ದ, ಯಾವಾಗಲೂ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಆ ರವಿವಾರ ಹನ್ನೊಂದು ಮಂದಿ ಒಬ್ಬರಾದ ಮೇಲೊಬ್ಬರು ಬಂದು, ಕೇಳಿ, ತಲೆದೂಗಿ, ತಂತಿಯ ವರ್ಣನೆ ಮಾಡಿ ಹೋದರು. ಕೊನೆಗೆ ಖಾದರ ಬಂದು ಮೊಣಕಾಲೂರಿ ಕುಳಿತ.

"ಏನ್ ಕೇಳಸ್ತು?" ಎಂದರು ಅಪ್ಪ.

"ಲಬ್ ಡಬ್ ಕೇಳಸ್ತೈತ್ರಿ ಸರ್."

"ಅವೆರಡರ ನಡುವ?"

"ನಡುವ ಏನಿಲ್ರಿ ಸರ್."

ಹುಡುಗರು ಕಿಸಕ್ಕೆಂದು ನಕ್ಕರು. ನನಗೆ ಅವನ ಮೇಲೆ ಕರುಣೆ ಬಂದು, ಫೇಡೆಯ ಆಸೆಯಿಲ್ಲದೆಯೇ, "ಎಡಕ್ಕ, ಮೆತ್ತಗ" ಎಂದು ಶುರು ಮಾಡಿದೆ. ಅವನು ಬಗ್ಗಿ ನನ್ನ ಕಿವಿಯಲ್ಲಿ, "ಖರೇನ ಕೇಳಸವಲ್ದೋ ತಮ್ಮಾ" ಎಂದ. ನನ್ನನ್ನು ಎಬ್ಬಿಸಿ ಕೂರಿಸಿ ಕೇಳಿದ, ಉಸಿರು ಹಿಡಿಸಿ ಕೇಳಿದ, ಮತ್ತೆ ಮಲಗಿಸಿ ಕೇಳಿದ. "ಇಲ್ರಿ ಸರ್" ಎಂದ.

ಅಪ್ಪನಿಗೆ ಸಿಟ್ಟು ಬಂತು. "ಹನ್ನೊಂದು ಮಂದಿಗೆ ಕೇಳಿಸಿದ್ದು ನಿನಗೊಬ್ಬಗ ಯಾಕ ಕೇಳಸೂದಿಲ್ಲ? ಮುಂದಿನ ತಿಂಗಳ ಪರೀಕ್ಷಾ ಅದ. ಮತ್ತೊಮ್ಮೆ ಕೂಡ್ರಾಂವ ಏನು?"

ಖಾದರ ಎದ್ದು ನಿಂತ. "ಸರ್, ನಮ್ಮಪ್ಪನ ಅಂಗಡ್ಯಾಗ ಸೈಕಲ್ ಗಾಲಿ ತಿರುವಿ, ಕಿವಿ ಕೊಟ್ಟು, ಒಳಗಿನ ಛರ್ರಾ ಗುಂಡು ಸವದಾವೇನು ಅಂತ ಹೇಳ್ತಿದ್ನಿರಿ. ಇಲ್ಲದ ಸಪ್ಪಳ ಐತಿ ಅಂದ್ರ ಅಪ್ಪ ಕಪಾಳಕ್ಕ ಹೊಡೀತಿದ್ದ. ಈಗ ನೀವು ಹೊಡದ್ರೂ ಅಡ್ಡಿಯಿಲ್ರಿ. ಈ ಎದ್ಯಾಗ ಸಪ್ಪಳಿಲ್ರಿ."

ಅಪ್ಪ ಅವನ ಕೈಯಿಂದ ಸ್ಟೆಥೋಸ್ಕೋಪು ತೆಗೆದುಕೊಂಡರು. ನನಗೆ ಆಗ ಹೊಳೆಯಿತು: ಅಪ್ಪ ತಾವೇ ನನ್ನ ಎದೆಗೆ ಕಿವಿ ಕೊಟ್ಟು ಎರಡು ವರ್ಷದ ಮೇಲಾಗಿತ್ತು. ಊರ ಎದೆಗಳನ್ನೆಲ್ಲ ಕೇಳುತ್ತಿದ್ದವರು ನನ್ನ ಎದೆಗೆ ಬಂದರೆ ಬರೀ ಪೆನ್ಸಿಲು ತೋರಿಸುತ್ತಿದ್ದರು. ಈಗ ಕಣ್ಣು ಮುಚ್ಚಿ ಕೇಳಿದರು. ಮಲಗಿಸಿ ಕೇಳಿದರು, ಕೂರಿಸಿ ಕೇಳಿದರು, ಹತ್ತು ಸಲ ಹಾರಿಸಿ ಕೇಳಿದರು. ಅದೇ ಹೊತ್ತಿಗೆ ಅವ್ವ ಉಪ್ಪಿಟ್ಟಿನ ತಾಟುಗಳನ್ನು ಹಿಡಿದು ಬಾಗಿಲಿಗೆ ಬಂದಳು. ಗಂಡ ಹುಬ್ಬು ಗಂಟಿಕ್ಕಿ ಮಗನ ಎದೆ ಕೇಳುವುದನ್ನು, ಹನ್ನೆರಡು ಮಂದಿ ಉಸಿರು ಬಿಗಿಹಿಡಿದು ನಿಂತದ್ದನ್ನು ನೋಡಿದಳು. ಅಲ್ಲೇ ನಿಂತಳು.

"ಖಾದರ ಖರೇ ಹೇಳ್ಯಾನ" ಎಂದರು ಅಪ್ಪ. "ಸಪ್ಪಳ ಇಲ್ಲ." ಆಮೇಲೆ ಉಳಿದ ಹನ್ನೊಂದು ಮಂದಿಯ ಕಡೆ ತಿರುಗಿ, "ಮತ್ತ ನಿಮಗೆಲ್ಲ ಏನ್ ಕೇಳಿಸ್ತೋ?" ಎಂದರು. ಎಲ್ಲರೂ ಚಾಪೆ ನೋಡತೊಡಗಿದರು. ನಾನು ಮಾಡಿನ ತೊಲೆ ನೋಡಿದೆ. "ಇರಲಿ. ನಂದೂ ತಪ್ಪದ. ದೊಡ್ಡವ ಆದಂಗ ತಾನ ಹೋಗ್ತದ ಅಂತ ನಾನ ಹೇಳತಿದ್ದೆ. ಹೋಗ್ಯದ ನೋಡ್ರಿ!" ಖುಷಿಯ ಭರದಲ್ಲಿ ಇಷ್ಟನ್ನೂ ಕನ್ನಡದಲ್ಲೇ ಹೇಳಿಬಿಟ್ಟಿದ್ದರು.

"ಹೋಗ್ಯದೇನ್ರಿ?" ಎಂದಳು ಅವ್ವ ಬಾಗಿಲಿನಿಂದ. "ಹಂಗಾರ ಹುಡುಗ ಉಳೀತಾನೇನ್ರಿ?"

ಅಪ್ಪನಿಗೆ ಕೂಡಲೇ ಅರ್ಥವಾಗಲಿಲ್ಲ. "ಉಳೀತಾನೇನು ಅಂದ್ರ? ಅವಗ ಏನಾಗಿತ್ತು? ಐದು ವರ್ಷದಿಂದ ಹೇಳಾಕತ್ತೇನಿ, ಏನೂ ಇಲ್ಲ ಅಂತ."

"ಯಾರಿಗೆ ಹೇಳಿದ್ರಿ? ಈ ಹುಡುಗರನ್ನ ಕೂಡ್ರಿಸಿಕೊಂಡು ತಾಸುಗಟ್ಟಲೆ ಹೇಳಿದ್ರಿ. ನನಗ ಕೈ ತೊಳಕೋತ ಹೇಳಿದ್ರಿ." ಅಷ್ಟು ಮಂದಿ ಗಂಡಸರ ಎದುರು ಎಂದೂ ಕೂರದ ಅವ್ವ ಹೊಸ್ತಿಲಲ್ಲೇ ಕುಸಿದು ಕುಳಿತಳು. ಖಾದರ ಓಡಿಹೋಗಿ ತಾಟುಗಳನ್ನು ಹಿಡಿದುಕೊಂಡ. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಒಪ್ಪತ್ತಿನ ವಾರಗಳ ಸಂಗತಿಯೆಲ್ಲ ಆ ಅಳುವಿನ ನಡುವೆ ಹೊರಬಂತು. ಅಪ್ಪ ಅವಳ ಬೆಳ್ಳಗಾದ ಕಣ್ಣಿನ ರೆಪ್ಪೆಗಳನ್ನು ನೋಡುತ್ತಾ ನಿಂತುಬಿಟ್ಟರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಆಮೇಲೆ ಅಪ್ಪ ಅವಳನ್ನು ಎಬ್ಬಿಸಿ ಕರೆತಂದು ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂರಿಸಿದರು. ಸ್ಟೆಥೋಸ್ಕೋಪನ್ನು ಅವಳ ಕಿವಿಗೆ ಹಾಕಿ, ಇನ್ನೊಂದು ತುದಿಯನ್ನು ನನ್ನ ಎದೆಗಿಟ್ಟು, ಮೊದಲ ವರ್ಷದ ಹುಡುಗನಿಗೆ ಹೇಳುವಂತೆ ನಿಧಾನವಾಗಿ ಹೇಳಿದರು. "ಕೇಳು. ಲಬ್. ಡಬ್. ಎರಡೂ ಸ್ವಚ್ಛ ಅದಾವಿಲ್ಲೋ? ನಡುವ ಮೊದಲ ಒಂದು ಸಣ್ಣ ಸಪ್ಪಳ ಇತ್ತು. ಅದು ಇದ್ದಾಗೂ ಹುಡುಗ ಗಟ್ಟಿನ ಇದ್ದ. ನಿನ್ನ ತಮ್ಮಗ ಬಂದಿದ್ದು ಬ್ಯಾರೆ, ಇದು ಬ್ಯಾರೆ." ಅರ್ಧ ತಾಸು ಹೇಳಿದರು, ಅಷ್ಟೂ ಕನ್ನಡದಲ್ಲಿ. ಉಪ್ಪಿಟ್ಟು ಆರಿ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ.

ಅವ್ವ ಕೇಳುತ್ತ ಕೇಳುತ್ತ ಸಮಾಧಾನವಾದಳು. ಸ್ಟೆಥೋಸ್ಕೋಪು ಕಿವಿಯಲ್ಲಿದ್ದಂತೆಯೇ ನನ್ನ ಕಡೆ ತಿರುಗಿ, "ನೀನೂ ವಾರಾ ವಾರಾ ಇಲ್ಲೇ ಇರ್ತಿದ್ದೆಲ್ಲೋ. ಇದು ನಿನಗ ಗೊತ್ತಿತ್ತೇನು?" ಎಂದು ಕೇಳಿದಳು.

"ಇಲ್ಲವ್ವಾ" ಎಂದೆ.

ಅವಳ ಕಣ್ಣು ಗಾಬರಿಯಿಂದ ಅಗಲವಾಯಿತು. "ಯಾಕ್ರಿ, ಒಮ್ಮಿಂದೊಮ್ಮೆ ಇಷ್ಟು ಜೋರ ಬಡಿಯಾಕತ್ತದ?"

ಅಪ್ಪ ನನ್ನ ಮುಖ ನೋಡಿದರು. ಐದು ವರ್ಷ ತಮ್ಮ ಪಾಠಗಳನ್ನೆಲ್ಲ ಮಲಗಿಕೊಂಡೇ ಕೇಳಿದ ವಿದ್ಯಾರ್ಥಿ ಯಾರೆಂದು ಅವರಿಗೆ ಹೊಳೆದದ್ದು ಆ ಕಣ್ಣಿನಲ್ಲೇ ಕಂಡಿತು. "ಏನೂ ಇಲ್ಲ" ಎನ್ನಹೊರಟವರು ತಡೆದು, ಅವ್ವನ ಎದುರು ಸರಿಯಾಗಿ ಕುಳಿತು ತಿಳಿಸಿ ಹೇಳಿದರು. "ಅಂಜಿದ್ರ ಹಂಗ ಬಡೀತದ ನೋಡು. ಇಷ್ಟು ಮಂದಿ ಮುಂದ ಸಣ್ಣ ಹುಡುಗ, ಪಾಪ, ಅಂಜ್ಯಾನ."

ನಾಲ್ಕೈದು ತಂಡಗಳ ಎದುರು ಅಂಗಿ ಬಿಚ್ಚಿ ಮಲಗಿ, ಫೇಡೆ ತಿಂದು ಬೆಳೆದ ನಾನು ಮಂದಿಗೆ ಅಂಜುವವನಲ್ಲವೆಂದು ಆ ಪಡಸಾಲೆಯಲ್ಲಿ ಅವ್ವನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅಪ್ಪ ಬೇಕೆಂದೇ ತಪ್ಪು ಪಾಠ ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.