ನಮ್ಮಾಕಿ ಡಬಲ್ ಅಂದಾಗ

ಡಬಲ್ಲಿನ ವಿಷಯದಲ್ಲಿ ಇನ್ನು ಮೇಲೆ ನಾನು ತಪ್ಪುವುದಿಲ್ಲ! ಆ ವರ್ಷ ಸಂಕ್ರಮಣದ ಮರುದಿನ ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತು ನಾನು ಮಾಡಿದ ಭೀಷಣ ಪ್ರತಿಜ್ಞೆ ಇದು. ಜಮಖಂಡಿಯ ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಬೀಜಗಣಿತ ಕಲಿಸಿದ ನೀಲಕಂಠ ಮಾಸ್ತರನಿಗೆ ಐವತ್ತೆರಡು ಎಲೆಗಳ ಒಂದು ಆಟ ಕೈವಶವಾಗದಿದ್ದರೆ ಬೀಜಗಣಿತಕ್ಕೇ ಅವಮಾನವಲ್ಲವೆ? ಕೇಳಿದವಳು ಒಬ್ಬಳೇ, ನನ್ನ ಹೆಂಡತಿ ಬನಶಂಕರಿ. ಅವಳು ಜೋಳದ ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ.

ಪ್ರತಿಜ್ಞೆಗೆ ಕಾರಣವಿತ್ತು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು, ಆ ಸರಕಾರ ದಾರೂಬಂದಿ ಮಾಡಿದ ಮೇಲೆ ನಮ್ಮ ಕ್ಲಬ್ಬಿನಲ್ಲಿ ಉಳಿದದ್ದು ಚಹಾ ಮತ್ತು ಬ್ರಿಜ್ ಎಂಬ ಇಸ್ಪೀಟಾಟ ಎರಡೇ. ಕ್ಲಬ್ಬಿನ ಸೆಕ್ರೆಟರಿ ಪುಣೆಗೆ ಹೋದಾಗ ಅಲ್ಲಿ ಗಂಡ-ಹೆಂಡತಿ ಜೋಡಿಯಾಗಿ ಆಡುವುದನ್ನು ಕಂಡು ಬಂದು, ಇಲ್ಲಿಯೂ ‘ದಂಪತಿ ಪಂದ್ಯ’ ಎಂದು ಫಲಕದ ಮೇಲೆ ಬರೆದುಬಿಟ್ಟರು. ಹನ್ನೊಂದು ಗಂಡಸರು ಹೆಸರು ಕೊಟ್ಟರು. ಮನೆಗೆ ಹೋಗಿ ಹೇಳಿದ ಮೇಲೆ ಏಳು ಜನ ವಾಪಸು ತೆಗೆದುಕೊಂಡರು!

ನಮ್ಮಾಕಿ ಮಾತ್ರ ಒಪ್ಪಿದಳು. ಬನಹಟ್ಟಿಯ ನೇಕಾರರ ಮನೆಯ ಮಗಳು. ಸೀರೆಯ ಅಂಚಿನಲ್ಲಿ ಎಷ್ಟನೆಯ ಎಳೆಗೆ ಬಣ್ಣ ಬದಲಾಗುತ್ತದೆ ಎಂಬುದನ್ನು ಎಂಟನೆಯ ವರ್ಷಕ್ಕೇ ಬಾಯಿಪಾಠ ಮಾಡಿದವಳಿಗೆ ಬಿದ್ದ ಎಲೆಗಳನ್ನು ನೆನಪಿಡುವುದು ಯಾವ ಲೆಕ್ಕ! ಎರಡೇ ವಾರದಲ್ಲಿ ಆಟ ಕಲಿತಳು. ಉಳಿದದ್ದು ಡಬಲ್ ಒಂದೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಲೆ ಹಂಚಿದ ಮೇಲೆ ಬ್ರಿಜ್‌ನಲ್ಲಿ ಲಿಲಾವಿನಂತೆ ಕೂಗು ನಡೆಯುತ್ತದೆ. ಯಾವ ಬಣ್ಣದಲ್ಲಿ, ಅಂದರೆ ಇಸ್ಪೀಕು, ಬದಾಮಿನಂಥ ಯಾವ ಜಾತಿಯಲ್ಲಿ, ಎಷ್ಟು ಸಲ ಗೆಲ್ಲುತ್ತೇವೆ ಎಂದು ಒಬ್ಬರ ಮೇಲೊಬ್ಬರು ಏರಿಸುತ್ತ ಹೋಗುವುದು. ಎದುರಿನವರ ಕೂಗಿಗೆ ನಾವು ‘ಡಬಲ್’ ಎಂದರೆ ಅವರು ಗೆದ್ದರೂ ಬಿದ್ದರೂ ಇಮ್ಮಡಿ. ಆದರೆ ಜಾಣರು ಅದಕ್ಕೆ ಇನ್ನೊಂದು ಕೆಲಸ ಹಚ್ಚಿದ್ದಾರೆ. ಮೊದಲ ಸುತ್ತಿನಲ್ಲೇ, ಎದುರಿನವರು ಸಣ್ಣದೊಂದು ಕೂಗು ಕೂಗಿದ ಕೂಡಲೇ ಜೊತೆಗಾರ ಡಬಲ್ ಎಂದರೆ, ‘ನನ್ನ ಕೈಯಲ್ಲಿ ಬಲವಿದೆ, ನೀನು ಬಾಯಿ ಬಿಟ್ಟು ನಿನ್ನ ಬಣ್ಣ ಹೇಳು’ ಎಂದು ಅರ್ಥ. ಕೂಗು ಮೇಲೇರಿದ ಮೇಲೆ ಕೊನೆಗೆ ಡಬಲ್ ಎಂದರೆ, ‘ಇವರು ಬೀಳುತ್ತಾರೆ, ನೀನು ಸುಮ್ಮನಿರು’ ಎಂದು. ಇದರ ಮೇಲೆ ನಾನು ನೋಟುಬುಕ್ಕಿನಲ್ಲಿ ಹದಿನೇಳು ನಿಯಮ, ನಾಲ್ಕು ಉಪನಿಯಮ ಬರೆದೆ. ಬನಶಂಕರಿಯನ್ನು ಕೂಡಿಸಿಕೊಂಡು ಓದತೊಡಗಿದೆ. ಮೂರನೆಯ ನಿಯಮಕ್ಕೇ ಅವಳು ಕೈಯೆತ್ತಿದಳು.

"ಇದಕ್ಕ ಇಷ್ಟ್ಯಾಕ್ರಿ? ಬೀಗರು ಊಟಕ್ಕ ಕುಂತಾರ. ಮೊದಲನೇ ಸಲ ‘ಸಾಕ್ರಿ, ಬ್ಯಾಡ್ರಿ’ ಅಂತಾರ. ನಾವ್ ಬಿಡ್ತೇವೇನು?"

"ಇಲ್ಲ. ಇನ್ನೊಂದು ಹೋಳಿಗಿ ಹಾಕ್ತೇವಿ."

"ಎಲಿ ಮ್ಯಾಲ ಕೈ ಅಡ್ಡ ಹಿಡದು ಬ್ಯಾಡ ಅಂದ್ರ?"

"ಆಗ ಖರೇನ ಬ್ಯಾಡ."

"ಡಬಲ್ಲೂ ಅಷ್ಟ ಅಲ್ಲೇನ್ರಿ?" ಎಂದು ಎದ್ದು ಹೋದಳು. ಹದಿನಾಲ್ಕು ನಿಯಮ ಹಾಗೇ ಉಳಿದವು!

ಈ ನಡುವೆ ಇನ್ನೊಂದು ಸಂಗತಿ ನಡೆದಿತ್ತು. ಆಗ ಅದನ್ನು ನಾನು ಸಂಗತಿ ಎಂದೇ ತಿಳಿದಿರಲಿಲ್ಲ. ಬನಶಂಕರಿ ಆರನೆಯ ಇಯತ್ತೆ ಕಲಿತಿದ್ದಳು. ಏಳಕ್ಕೆ ಹೋಗುವಷ್ಟರಲ್ಲಿ ನನ್ನ ಜೊತೆ ಲಗ್ನವಾಯಿತು. ಏಳರ ಕೊನೆಗೆ ಬರುವ ಮುಲ್ಕಿ ಪರೀಕ್ಷೆ ಪಾಸಾದರೆ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುವ ಅಕ್ಕಾರು ಆಗಬಹುದಿತ್ತು. ನೆರೆಮನೆಯ ಹುಡುಗಿಯರಿಗೆ ಅವಳು ಹಿತ್ತಲಲ್ಲಿ ಕೂತು ಮಗ್ಗಿ ಹೇಳಿಕೊಡುವುದನ್ನು ಕಂಡವರೆಲ್ಲ ಹಾಗೇ ಅನ್ನುತ್ತಿದ್ದರು. ಮನೆಯಲ್ಲಿ ಓದಿ ಪರೀಕ್ಷೆಗೆ ಕೂಡುವವರಿಗೆಂದು ಫಾರ್ಮು ಬಂದಾಗ ನಾನು ಎರಡು ತಂದೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಕ್ಲಬ್ಬಿಗೆ ಹೊರಟು ಚಪ್ಪಲಿ ಮೆಟ್ಟುತ್ತ ಕೇಳಿದೆ: "ಮುಲ್ಕಿ ಪರೀಕ್ಷಾಕ್ಕ ಕೂಡತೀಯೇನು?"

"ಈ ವಯಸಿನ್ಯಾಗ ಎಲ್ಲಿದ್ರಿ... ಬ್ಯಾಡ ಬಿಡ್ರಿ," ಎಂದಳು. ಬಾಗಿಲ ತನಕ ಬಂದು ನಿಂತಳು.

"ಆತು," ಎಂದೆ. ಫಾರ್ಮುಗಳನ್ನು ಗೋಡೆಯ ಗೂಡಿನಲ್ಲಿಟ್ಟು ಹೊರಟೆ. ಹೆಂಡತಿಯ ಅಭಿಪ್ರಾಯ ಕೇಳಿ ಗೌರವಿಸುವ ಗಂಡಂದಿರು ಊರಲ್ಲಿ ಎಷ್ಟು ಜನರಿದ್ದಾರೆ ಎಂದು ದಾರಿಯುದ್ದಕ್ಕೂ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ. ಎರಡು ದಿನದ ಮೇಲೆ, ನಾನು ಹನ್ನೆರಡನೆಯ ನಿಯಮ ತಿದ್ದುತ್ತಿದ್ದಾಗ, "ಓದಿ ನೋಡಿ ಇಲ್ಲೊಂದು ಸಹಿ ಮಾಡ್ರಿ," ಎಂದು ಅವಳು ಯಾವುದೋ ಕಾಗದ ಮುಂದಿಟ್ಟಳು. ಸಕ್ಕರೆ ರೇಷನ್ನಿನದಿರಬೇಕು ಎಂದು ಕಣ್ಣೆತ್ತದೆ ಗೀಚಿಕೊಟ್ಟೆ.

ಪಂದ್ಯದ ದಿನ ಬಂತು. ರವಿವಾರ ಮಧ್ಯಾಹ್ನ. ಬಂದ ಜೋಡಿಗಳು ನಾಲ್ಕು. ಮೊದಲನೆಯದನ್ನು ಸೋಲಿಸಿ ನಾವು ಕೊನೆಯ ಪಂದ್ಯಕ್ಕೆ ಏರಿದೆವು, ಬಹುತೇಕ ಬನಶಂಕರಿಯಿಂದಲೇ. ಎದುರಿಗೆ ಮುಧೋಳದ ವಕೀಲ ಮಲಕಾಜಪ್ಪನವರು, ಅವರ ಹೆಂಡತಿ ಸುಂದರವ್ವ. ಕಟ್ಟಕಡೆಯ ಸಲ ಎಲೆ ಹಂಚುವವರೆಗೆ ಸಮಸಮ. ಕಿಟಕಿಯ ತುಂಬ ತಲೆಗಳು, ಅವುಗಳಲ್ಲಿ ಏಳು ಹೆಸರು ವಾಪಸು ತೆಗೆದುಕೊಂಡವರವು.

ಸುಂದರವ್ವನವರೇ ಮೊದಲು ಕೂಗಿದರು: "ಒಂದು ಬದಾಮು."

ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನಮ್ಮಾಕಿ ಮೆಲ್ಲಗೆ ಅಂದಳು: "ಡಬಲ್."

ವಕೀಲರು ಏನೂ ಕೂಗದೆ ಪಾಸ್ ಎಂದರು. ಈಗ ನನ್ನ ಸರದಿ!

ನನ್ನ ಕೈಯಲ್ಲಿ ಆರು ಇಸ್ಪೀಕು ಇದ್ದವು, ಎಲ್ಲ ಸಣ್ಣವು. ಬದಾಮು ಮೂರು. ಅವಳ ಮುಖ ನೋಡಿದೆ. ಹನ್ನೊಂದು ವರ್ಷದಿಂದ ನೋಡುತ್ತ ಬಂದ ಮುಖ, ಅದರ ಮೇಲೆ ಏನೂ ಬರೆದಿರಲಿಲ್ಲ. ನನ್ನ ಬೀಜಗಣಿತ ತಲೆಗೇರಿತು. ಎಲೆಗಳನ್ನು ಇಷ್ಟು ಬಿಗಿಯಾಗಿ ಹಿಡಿದಿದ್ದಾಳೆ ಎಂದರೆ ಅವಳ ಹತ್ತಿರ ಬದಾಮೇ ತುಂಬಿರಬೇಕು, ಇವರನ್ನು ಇಲ್ಲೇ ಕೆಡವಲು ಹೊರಟಿದ್ದಾಳೆ, ಒಂಬತ್ತನೆಯ ನಿಯಮ, ಎರಡನೆಯ ಉಪನಿಯಮ! ಇಂಥ ಹೊತ್ತಿನಲ್ಲಿ ಬಾಯಿ ಹಾಕುವವನು ಮೂರ್ಖ. ಗಂಟಲು ಸರಿಮಾಡಿಕೊಂಡು, ಕಿಟಕಿಯವರಿಗೂ ಕೇಳಿಸುವಂತೆ ಅಂದೆ: "ಪಾಸ್!"

ಬನಶಂಕರಿ ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಸುಂದರವ್ವನವರು ನಕ್ಕು ತಾವೂ ಪಾಸ್ ಎಂದರು. ಒಂದು ಎಂದು ಕೂಗಿದವರು ಹದಿಮೂರರಲ್ಲಿ ಗೆಲ್ಲಬೇಕಾದದ್ದು ಏಳು ಸಲ. ಗೆದ್ದದ್ದು ಒಂಬತ್ತು, ಅದೂ ಇಮ್ಮಡಿ ಲೆಕ್ಕದಲ್ಲಿ. ಆಟ ಮುಗಿದ ಮೇಲೆ ನೋಡಿದರೆ ಅವಳ ಕೈಯಲ್ಲಿದ್ದದ್ದು ಒಂದೇ ಒಂದು ಬದಾಮು! ಇಸ್ಪೀಕಿನ ಎಕ್ಕ, ರಾಜ, ರಾಣಿ ಮೂರೂ ಅಲ್ಲಿ ಕೂತು ನನ್ನ ಆರು ಬಡಪಾಯಿಗಳ ಹಾದಿ ಕಾಯುತ್ತಿದ್ದವು.

ಮನೆಗೆ ನಡೆದು ಬರುವಾಗ ನಾನೇ ಬಾಯಿ ತೆರೆದೆ. "ನೀ ಅವ್ರನ್ನ ಕೆಡವಾಕತ್ತೀ ಅಂತ ತಿಳದೆ."

"ಮೊದಲನೇ ಸುತ್ತಿನ್ಯಾಗ ಅಂದೆ. ನೀವು ಮಾತಾಡಬೇಕಿತ್ತು."

"ಗೊತ್ತಾಗಲಿಲ್ಲ."

"ನಿಮಗ ಯಾವಾಗ ಗೊತ್ತಾಗೇತಿ?" ಸಿಟ್ಟಿನಿಂದ ಅನ್ನಲಿಲ್ಲ. ಸಂತೆಯಿಂದ ಬರುವಾಗ ಮೆಣಸಿನಕಾಯಿ ಮರೆತದ್ದನ್ನು ಹೇಳುವ ದನಿಯಲ್ಲಿ ಅಂದಳು.

ಆ ದನಿ ನನ್ನನ್ನು ಬಿಡಲಿಲ್ಲ. ಹಲ್ಲು ನೋಯುತ್ತಿದ್ದಾಗ ಡಾಕ್ಟರ ಹತ್ತಿರ ಹೋಗೋಣವೇ ಎಂದಿದ್ದೆ, ಬ್ಯಾಡ ಅಂದಿದ್ದಳು, ನಾನು ಆತು ಅಂದಿದ್ದೆ. ತಂಗಿಯ ಬಾಣಂತನಕ್ಕೆ ಬನಹಟ್ಟಿಗೆ ಹೋಗುತ್ತೀಯಾ ಎಂದಾಗಲೂ ಬ್ಯಾಡ, ನಿಮಗ ತ್ರಾಸ ಆಗತೈತಿ, ಅಂದಿದ್ದಳು. ಅದಕ್ಕೂ ಆತು. ಬೀಗರ ಎಲೆಗೆ ಎರಡನೆಯ ಹೋಳಿಗೆ ಒತ್ತಾಯದಿಂದ ಬಡಿಸುವ ನಾನು, ಹೆಂಡತಿಗೆ ಯಾವುದನ್ನೂ ಎರಡನೆಯ ಸಲ ಕೇಳಿರಲಿಲ್ಲ. ಹನ್ನೊಂದು ವರ್ಷ ಅವಳು ಮೊದಲ ಸುತ್ತಿನಲ್ಲಿ ಕರೆದಿದ್ದಾಳೆ, ನಾನು ಪಾಸ್ ಅಂದಿದ್ದೇನೆ! ನನಗೆ ಬಹಳ ನಾಚಿಕೆಯಾಯಿತು. ಊಟ ರುಚಿಸಲಿಲ್ಲ. ಆಗ ಮುಲ್ಕಿ ಪರೀಕ್ಷೆಯ ಫಾರ್ಮು ನೆನಪಾಯಿತು. ಮರುದಿನ ಸೋಮವಾರವೇ ಕೊನೆಯ ದಿನ.

ಬೆಳಿಗ್ಗೆ ಗೂಡಿಗೆ ಕೈ ಹಾಕಿದೆ. ಎರಡು ಫಾರ್ಮುಗಳಲ್ಲಿ ಒಂದೇ ಇತ್ತು. ಇಲಿ ಒಯ್ದಿರಬೇಕು ಎಂದುಕೊಂಡು ಮಸಿ ಲೇಖನಿ ತೆಗೆದು ಕೂತೆ. ಬನಶಂಕರಿ ಒಳಗಿನಿಂದ ಓಡಿ ಬಂದಳು.

"ಏನ್ ಮಾಡಾಕತ್ತೀರಿ?"

"ನಿನ್ನ ಫಾರ್ಮು ತುಂಬಾಕತ್ತೇನಿ."

"ಬ್ಯಾಡ್ರೀ!" ಎಂದು ಕಾಗದದ ಮೇಲೆ ಅಂಗೈ ಅಗಲಿಸಿ ಇಟ್ಟಳು. "ನನ್ನ ಮಾತ ಕೇಳ್ರಿ, ಅದು..."

"ಏನೂ ಹೇಳಬ್ಯಾಡ. ನಿನ್ನ ಮನಸು ನನಗ ಈಗ ಗೊತ್ತಾಗೇತಿ!" ಎಂದು ಆ ಕೈಯನ್ನು ಹೂವು ಎತ್ತಿಟ್ಟಂತೆ ಪಕ್ಕಕ್ಕಿಟ್ಟು, ಪೂರ್ತಿ ತುಂಬಿ, ಸಹಿ ಜಡಿದು, ಶಾಲಾ ಖಾತೆಯ ಕಚೇರಿಗೆ ಹೊರಟೆ. ಎದೆ ಉಬ್ಬಿ ಕೋಟಿನ ಗುಂಡಿ ಹಿಡಿಯುತ್ತಿರಲಿಲ್ಲ.

ಗುಮಾಸ್ತ ಗಿರಮಲ್ಲಪ್ಪ ಫಾರ್ಮು ನೋಡಿದ, ನನ್ನನ್ನು ನೋಡಿದ, ಕಟ್ಟು ಬಿಚ್ಚಿ ಇನ್ನೊಂದು ಫಾರ್ಮು ತೆಗೆದು ಪಕ್ಕದಲ್ಲಿಟ್ಟ. ಅದೇ ಹೆಸರು. ಅವಳದೇ ದುಂಡು ಅಕ್ಷರ. ಕೆಳಗೆ ಪಾಲಕರ ಸಹಿ, ನನ್ನದು!

"ಇದು ಬಂದು ಹನ್ನೆರಡು ದಿನ ಆತ್ರಿ ಮಾಸ್ತರ," ಎಂದ. "ಒಬ್ಬರ ಎರಡು ಸಲ ಕೂಡಾಕ ಬರಂಗಿಲ್ಲ." ಕಚೇರಿಗೆ ಕಚೇರಿಯೇ ನಕ್ಕಿತು.

ಮನೆಗೆ ಬಂದೆ. ಬನಶಂಕರಿ ಮುಂಬಯಿ ರಾಜ್ಯದ ನಕಾಶೆ ಹರಡಿಕೊಂಡು ನದಿಗಳ ಮೇಲೆ ಬೆರಳಾಡಿಸುತ್ತಿದ್ದಳು.

"ಮೊದಲ ಫಾರ್ಮು ನೀನ ಕೊಟ್ಟಿದ್ದೇನು?"

"ನೀವ ಸಹಿ ಮಾಡೀರಲ್ಲ. ಓದಿ ನೋಡ್ರಿ ಅಂತ ಬ್ಯಾರೆ ಹೇಳಿದ್ದೆ."

"ಹಂಗಾದ್ರ ಮುಂಜಾನೆ ಬ್ಯಾಡ ಅಂದದ್ದು..."

"ಖರೇನ ಬ್ಯಾಡ ಇತ್ತು," ಎಂದು ಬನಶಂಕರಿ ಕೃಷ್ಣಾ ನದಿಯ ಮೇಲಿಂದ ಬೆರಳು ತೆಗೆಯದೆ ಹೇಳಿದಳು. "ಕೈ ಸೈತ ಅಡ್ಡ ಹಿಡದಿದ್ದೆನಲ್ರಿ!"